ಅಪ್ಪನ ಕೈಗೆ ಮಕ್ಕಳ ಕೈಯ ಕಾಣಿಕೆ

"ಅಮ್ಮಾ, ಅಪ್ಪನಿಗೆ ಏನಾದರೂ ಕೊಡಬೇಕು, ಒಂದು ನೂರು ರೂಪಾಯಿ ಕೊಡು."

ಹಬ್ಬವೋ ಅಪ್ಪನ ಹುಟ್ಟುಹಬ್ಬವೋ ಹತ್ತಿರ ಬಂದಾಗ ನಿಮ್ಮ ಮನೆಯಲ್ಲೂ ಈ ಮಾತು ಕೇಳಿಬಂದಿರಬಹುದು. ಅಡುಗೆಮನೆಯ ಡಬ್ಬಿಯಲ್ಲಿ ಕೂಡಿಟ್ಟ ಮನೆಖರ್ಚಿನ ಹಣದಿಂದ ಅಮ್ಮ ನೂರು ರೂಪಾಯಿ ತೆಗೆದುಕೊಡುತ್ತಾರೆ. ಮಗ ಅಂಗಡಿಗೆ ಓಡಿಹೋಗಿ, ಹೊಳೆಯುವ ಕಾಗದದಲ್ಲಿ ಸುತ್ತಿದ ಒಂದು ಕಪ್ಪನ್ನೋ ಕೀ ಚೈನನ್ನೋ ತರುತ್ತಾನೆ. ಸಂಜೆ ಅಪ್ಪ ಅದನ್ನು ಬಿಚ್ಚಿ ನೋಡಿ ನಗುತ್ತಾರೆ. ಮಾರನೆಯ ದಿನ ಅದು ಶೋಕೇಸು ಸೇರುತ್ತದೆ.

ಇದರಲ್ಲಿ ಯಾರ ತಪ್ಪೂ ಇಲ್ಲ, ಪ್ರಿಯ ಓದುಗರೇ. ಆದರೂ ಒಂದು ಕ್ಷಣ ಯೋಚಿಸಿ ನೋಡಿ. ಆ ನೂರು ರೂಪಾಯಿ ಯಾರದು? ಅಪ್ಪ ಅಮ್ಮ ಬೆವರು ಸುರಿಸಿ ದುಡಿದದ್ದೇ ಅಲ್ಲವೇ? ಅಪ್ಪನ ಹಣದಿಂದ ಅಪ್ಪನಿಗೇ ಒಂದು ವಸ್ತು ಬಂತು. ಹಾಗಾದರೆ ಮಗ ತನ್ನದೆಂದು ಕೊಟ್ಟದ್ದೇನು?

ಅಪ್ಪಂದಿರನ್ನು ನೆನೆಯಲು ವರ್ಷದಲ್ಲಿ ನಮಗೆ ಮೂರು ಸಂದರ್ಭಗಳಿವೆ. ಮಾರ್ಚ್ 19 ಸಂತ ಜೋಸೆಫರ ಮಹೋತ್ಸವ. ಇಟಲಿ, ಸ್ಪೇನ್, ಪೋರ್ಚುಗಲ್ ದೇಶಗಳಲ್ಲಿ ಅಂದೇ ಅಪ್ಪಂದಿರ ದಿನ. ಮೇ 1 ಶ್ರಮಿಕರಾದ ಸಂತ ಜೋಸೆಫರ ಸ್ಮರಣೆ. ಇದನ್ನು 1955ರಲ್ಲಿ ಪೋಪ್ 12ನೇ ಪಿಯುಸರು ಆರಂಭಿಸಿದರು. ಮೂರನೆಯದು ಜೂನ್ ತಿಂಗಳ ಮೂರನೇ ಭಾನುವಾರ ಬರುವ ‘ಫಾದರ್ಸ್ ಡೇ’. ಅಮೆರಿಕದ ಸ್ಪೋಕೇನ್ ಎಂಬ ಊರಿನಲ್ಲಿ 1910ರ ಜೂನ್ 19ರಂದು ಇದು ಶುರುವಾಯಿತು. ಸೊನೊರಾ ಸ್ಮಾರ್ಟ್ ಡಾಡ್ ಎಂಬ ಮಹಿಳೆ, ಹೆಂಡತಿ ತೀರಿಕೊಂಡ ಮೇಲೆ ಆರು ಮಕ್ಕಳನ್ನು ಸಾಕಿದ ತನ್ನ ತಂದೆಯ ಗೌರವಾರ್ಥವಾಗಿ ಈ ದಿನ ಬೇಕೆಂದು ಊರವರ ಮನವೊಲಿಸಿದರು. ಅಂದರೆ ಅಂಗಡಿಯವರಿಗಿಂತ ಮೊದಲು, ಅಪ್ಪನ ಕಷ್ಟವನ್ನು ಕಣ್ಣಾರೆ ಕಂಡ ಒಬ್ಬ ಮಗಳು ಈ ದಿನವನ್ನು ಬಯಸಿದಳು.

ಮನೆಯಲ್ಲೇ ಮಾಡಿದ ಕಾಣಿಕೆಗೆ ಖರ್ಚು ಕಡಿಮೆ, ನಿಜ. ಆದರೆ ಅದರ ದೊಡ್ಡ ಗುಣ ಬೇರೆಯೇ ಇದೆ. ಅದನ್ನು ಮಾಡಬೇಕಾದರೆ ಮಗು ಮೊದಲು ತನ್ನ ಅಪ್ಪನನ್ನು ಸರಿಯಾಗಿ ನೋಡಬೇಕು. ಈ ಲೇಖನದ ಪಾಠ ಇಷ್ಟೇ.

ಒಬ್ಬ ಹುಡುಗನ ಕಥೆ

ನಾನು ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರದ ಧರ್ಮೋಪದೇಶ ತರಗತಿ ನಡೆಸುತ್ತಿದ್ದ ದಿನಗಳ ಸಂಗತಿ. ಸಂತ ಜೋಸೆಫರ ಹಬ್ಬಕ್ಕೆ ಮುಂಚಿನ ಭಾನುವಾರ ಮಕ್ಕಳನ್ನು ಕೇಳಿದೆ: "ನಿಮ್ಮ ಅಪ್ಪ ಏನು ಕೆಲಸ ಮಾಡುತ್ತಾರೆ?" ಒಬ್ಬೊಬ್ಬರೇ ಎದ್ದು ಹೇಳಿದರು. ಒಬ್ಬ ಹುಡುಗ "ಕಂಪನಿ" ಎಂದ. "ಕಂಪನಿಯಲ್ಲಿ ಏನಪ್ಪಾ?" ಎಂದೆ. "ಆಫೀಸು ಸಾರ್" ಎಂದು ತಲೆತಗ್ಗಿಸಿ ಕುಳಿತುಬಿಟ್ಟ.

ಅವನ ತಂದೆ ನನಗೆ ಗೊತ್ತಿದ್ದವರು. ಒಂದು ಕಾರ್ಖಾನೆಯ ಗೇಟಿನಲ್ಲಿ ರಾತ್ರಿ ಪಾಳಿಯ ಕಾವಲುಗಾರರು. ಹುಡುಗ ಗೆಳೆಯರ ಮುಂದೆ ಅದನ್ನು ಹೇಳಲು ನಾಚಿದ್ದ. ನಾನು ಅಂದು ಏನೂ ಹೇಳಲಿಲ್ಲ. ಎಲ್ಲ ಮಕ್ಕಳಿಗೂ ಒಂದೇ ಮನೆಗೆಲಸ ಕೊಟ್ಟೆ: "ಮೂರು ದಿನ ಅಪ್ಪನನ್ನು ಗಮನಿಸಿ. ಅವರಿಗೆ ಏನು ಬೇಕಾಗಿದೆ ಎಂದು ಕಂಡುಹಿಡಿಯಿರಿ. ದುಡ್ಡು ಖರ್ಚು ಮಾಡದೆ ಅದನ್ನು ಮಾಡಿಕೊಡಿ."

ಮುಂದಿನ ಭಾನುವಾರ ಆ ಹುಡುಗ ಪೂಜೆ ಮುಗಿದ ಮೇಲೆ ತಾನಾಗಿಯೇ ಬಂದು ಹೇಳಿದ. ಅಪ್ಪ ರಾತ್ರಿ ಎಂಟಕ್ಕೆ ಹೊರಡುವಾಗ ಅಮ್ಮ ಒಂದು ಸ್ಟೀಲ್ ಬಾಟಲಿಯಲ್ಲಿ ಚಹಾ ತುಂಬಿ ಕೊಡುತ್ತಾರೆ. ನಡುರಾತ್ರಿಯ ಹೊತ್ತಿಗೆ ಅದು ಆರಿ ತಣ್ಣಗಾಗಿರುತ್ತದೆ. ಅಪ್ಪ ತಣ್ಣಗಿನ ಚಹಾವನ್ನೇ ಕುಡಿಯುತ್ತಾರೆ, ಯಾರಿಗೂ ಹೇಳಿಲ್ಲ. ಇವನು ಕೇಳಿದ್ದರಿಂದ ಹೇಳಿದರು. ಹುಡುಗ ತನಗೆ ಚಿಕ್ಕದಾಗಿದ್ದ ಸ್ವೆಟರಿನ ಎರಡು ತೋಳನ್ನೂ ಕತ್ತರಿಸಿ, ಒಂದರ ಮೇಲೊಂದು ಹಾಕಿ ಬಾಟಲಿಗೆ ಅಂಗಿ ಹೊಲಿದುಕೊಟ್ಟ. "ಹನ್ನೊಂದು ಗಂಟೆಗೂ ಬೆಚ್ಚಗಿತ್ತಂತೆ ಸಾರ್" ಎಂದ. ಆಮೇಲೆ ಮೆಲ್ಲಗೆ, "ನಮ್ಮಪ್ಪ ವಾಚ್‌ಮನ್ ಸಾರ್" ಎಂದ.

ಆ ಸ್ವೆಟರಿನ ತೋಳಿಗೆ ಪೇಟೆಯಲ್ಲಿ ಏನು ಬೆಲೆ? ಏನೂ ಇಲ್ಲ. ಆದರೆ ಅದನ್ನು ಹೊಲಿಯುವಾಗ ಹುಡುಗ ಅಪ್ಪನ ರಾತ್ರಿಯನ್ನು ತಿಳಿದುಕೊಂಡ. ತಿಳಿದುಕೊಂಡ ಮೇಲೆ ನಾಚಿಕೆಗೆ ಜಾಗ ಉಳಿಯಲಿಲ್ಲ.

ನಜರೇತಿನ ಜನರೂ ಯೇಸುಸ್ವಾಮಿಯನ್ನು ಬಡಗಿಯ ಮಗನಲ್ಲವೇ ಎಂದು ಹಗುರವಾಗಿ ಆಡಿಕೊಂಡರೆಂದು ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯ ತಿಳಿಸುತ್ತದೆ. ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಅವರು ಸ್ವಾಮಿಯನ್ನೇ ಬಡಗಿ ಎಂದು ಕರೆಯುತ್ತಾರೆ. ಅಪ್ಪನ ಕೆಲಸ ಮಗನ ಕೈಗೂ ಬಂದಿತ್ತು ಎಂದಾಯಿತು. ಶುಭಸಂದೇಶಗಳಲ್ಲಿ ಸಂತ ಜೋಸೆಫರು ಆಡಿದ ಒಂದು ಮಾತೂ ದಾಖಲಾಗಿಲ್ಲ. ನಮ್ಮ ಮನೆಗಳ ಅಪ್ಪಂದಿರಲ್ಲೂ ಹೆಚ್ಚಿನವರು ಮಾತು ಕಡಿಮೆಯವರೇ. ಅವರ ಬೇಕು ಬೇಡಗಳನ್ನು ಕೇಳಿ ತಿಳಿಯುವುದಕ್ಕಿಂತ ನೋಡಿ ತಿಳಿಯಬೇಕು.

ಮೊದಲು ಮೂರು ದಿನ ನೋಡಿ

ಮಕ್ಕಳೇ, ಕತ್ತರಿ, ಅಂಟು ಹಿಡಿಯುವ ಮೊದಲು ಒಂದು ಚೀಟಿ, ಪೆನ್ಸಿಲು ಹಿಡಿಯಿರಿ. ಅಪ್ಪ ಬೆಳಿಗ್ಗೆ ಹೊರಡುವಾಗ ಏನನ್ನು ಹುಡುಕುತ್ತಾರೆ? ಕನ್ನಡಕವೇ, ಬೀಗದ ಕೈಯೇ, ಪೆನ್ನೇ? ಅವರ ಊಟದ ಡಬ್ಬಿ ಯಾವ ಚೀಲದಲ್ಲಿ ಹೋಗುತ್ತದೆ? ಲೆಕ್ಕವನ್ನು ಬಸ್ ಟಿಕೇಟಿನ ಹಿಂದೆ ಬರೆದುಕೊಳ್ಳುತ್ತಾರೆಯೇ? ಮನೆಗೆ ಬಂದ ತಕ್ಷಣ ಏನು ಕೇಳುತ್ತಾರೆ? ಯಾವ ಹೊತ್ತಿನಲ್ಲಿ ಸೊಂಟ ಹಿಡಿದುಕೊಂಡು ಕೂರುತ್ತಾರೆ?

ಆಟೋ ಓಡಿಸುವ ಅಪ್ಪನಿಗೆ ಗಾಜು ಒರೆಸಲು ಮೆತ್ತನೆಯ ಬಟ್ಟೆ ಬೇಕಿರಬಹುದು. ತೋಟದಲ್ಲಿ ದುಡಿಯುವ ಅಪ್ಪನಿಗೆ ಎಲೆ ಅಡಿಕೆ ಇಟ್ಟುಕೊಳ್ಳುವ ಪುಟ್ಟ ಸಂಚಿ ಬೇಕಿರಬಹುದು. ಅಂಗಡಿ ಇಟ್ಟಿರುವ ಅಪ್ಪನಿಗೆ ಉದ್ದರಿ ಬರೆಯುವ ಪುಸ್ತಕ ಬೇಕಿರಬಹುದು. ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿರುವ ಅಪ್ಪನಿಗೆ ಇದಾವುದೂ ಬೇಡ, ಮಗಳು ಪಕ್ಕದಲ್ಲಿ ಕುಳಿತು ಒಂದು ಆಟ ಆಡಿದರೆ ಸಾಕಾಗಬಹುದು. ಚೀಟಿಯಲ್ಲಿ ಬರೆದದ್ದನ್ನು ಅಮ್ಮನಿಗೆ ತೋರಿಸಿ, ಕೆಳಗಿನವುಗಳಲ್ಲಿ ಯಾವುದು ಹೊಂದುತ್ತದೆ ಎಂದು ಆರಿಸಿಕೊಳ್ಳಿ.

ಏಳು ಕಾಣಿಕೆಗಳು

1. ಬಾಟಲಿಯ ಅಂಗಿ. ಹಳೆಯ ಉಣ್ಣೆ ಸ್ವೆಟರಿನ ತೋಳನ್ನು ಮುಂಗೈಯಿಂದ ಮೇಲಕ್ಕೆ ಬಾಟಲಿಯ ಎತ್ತರಕ್ಕಿಂತ ನಾಲ್ಕು ಬೆರಳು ಹೆಚ್ಚಾಗಿ ಅಳೆದು ಕತ್ತರಿಸಿ. ಕತ್ತರಿಸಿದ ಅಂಚು ಬಿಚ್ಚಿಕೊಳ್ಳದಂತೆ ಮೊದಲು ಅದರ ಸುತ್ತ ದಾರದಿಂದ ಸುತ್ತುಹೊಲಿಗೆ ಹಾಕಿ. ಆಮೇಲೆ ಅದೇ ಅಂಚಿನಲ್ಲಿ ಗಟ್ಟಿ ದಾರ ಪೋಣಿಸಿ, ಎಳೆದು, ಗಂಟು ಹಾಕಿದರೆ ತಳ ಮುಚ್ಚುತ್ತದೆ. ಮುಂಗೈ ಪಟ್ಟಿ ಬಾಟಲಿಯ ಕತ್ತನ್ನು ಹಿಡಿದುಕೊಳ್ಳುತ್ತದೆ. ಉಣ್ಣೆಯ ಎಳೆಗಳ ನಡುವೆ ಗಾಳಿ ನಿಂತಿರುವುದರಿಂದ ಬಿಸಿ ಬೇಗ ಹೊರಹೋಗುವುದಿಲ್ಲ. ಎರಡು ತೋಳು ಹಾಕಿದರೆ ಇನ್ನೂ ಒಳ್ಳೆಯದು.

2. ಪ್ಯಾಂಟಿನ ಕಾಲಿನಿಂದ ಊಟದ ಚೀಲ. ಹಳೆಯ ದಪ್ಪ ಪ್ಯಾಂಟಿನ ಒಂದು ಕಾಲನ್ನು ಕೆಳ ಅಂಚಿನಿಂದ ಸುಮಾರು 30 ಸೆಂಟಿಮೀಟರಿಗೆ ಕತ್ತರಿಸಿ. ಕತ್ತರಿಸುವ ಮೊದಲೇ ಊಟದ ಡಬ್ಬಿಯನ್ನು ಒಳಗಿಟ್ಟು ಹಿಡಿಸುತ್ತದೆಯೇ ನೋಡಿಕೊಳ್ಳಿ. ಪ್ಯಾಂಟಿನ ಕೆಳ ಅಂಚು ಈಗಾಗಲೇ ಮಡಚಿ ಹೊಲಿದದ್ದು, ಅದೇ ಚೀಲದ ಬಾಯಿ. ಒಳಮೈ ಹೊರಗೆ ಮಾಡಿ, ಕತ್ತರಿಸಿದ ಕಡೆಯನ್ನು ಎರಡು ಸಾಲು ಒತ್ತಾಗಿ ಹೊಲಿಯಿರಿ. ತಳದ ಎರಡು ಮೂಲೆಗಳನ್ನೂ ಅಡ್ಡಲಾಗಿ ಹೊಲಿದರೆ ಚೀಲ ನೆಟ್ಟಗೆ ಕೂರುತ್ತದೆ. ಪ್ಯಾಂಟಿನ ಸೊಂಟಪಟ್ಟಿಯಿಂದ 40 ಸೆಂಟಿಮೀಟರಿನ ಎರಡು ತುಂಡು ತೆಗೆದು ಹಿಡಿಕೆ ಮಾಡಿ. ಭಾರ ಬೀಳುವುದು ಹಿಡಿಕೆಯ ಬುಡಕ್ಕೆ, ಅಲ್ಲಿ ಚೌಕಾಕಾರವಾಗಿ ಹೊಲಿದು ಮಧ್ಯೆ ಗುಣಾಕಾರದ ಗುರುತಿನಂತೆ ಹೊಲಿಗೆ ಹಾಕಿ. ಹತ್ತು ವರ್ಷ ದಾಟಿದ ಮಕ್ಕಳಿಗೆ ಎರಡು ಸಂಜೆಯ ಕೆಲಸ.

3. ಜೇಬಿನ ಪುಸ್ತಕ. ಪರೀಕ್ಷೆ ಮುಗಿದ ಮೇಲೆ ನೋಟ್‌ಬುಕ್ಕುಗಳಲ್ಲಿ ಖಾಲಿ ಹಾಳೆ ಉಳಿದಿರುತ್ತವೆ. ಎಂಟು ಹಾಳೆಗಳನ್ನು ನೀಟಾಗಿ ಕತ್ತರಿಸಿ ತೆಗೆದು, ಒಟ್ಟಿಗೆ ನಡುವೆ ಮಡಚಿ. ಈಗ ನಿಮ್ಮ ಕೈಯಲ್ಲಿ 32 ಪುಟದ ಪುಸ್ತಕವಿದೆ. ಅದಕ್ಕೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಹೊದಿಕೆಯಾಗಿ ಸೇರಿಸಿ. ಮಡಿಕೆಯ ಮೇಲೆ ಮೂರು ತೂತು ಮಾಡಿ: ಮಧ್ಯೆ ಒಂದು, ಮೇಲೆ ಒಂದು, ಕೆಳಗೆ ಒಂದು. ಸೂಜಿಯನ್ನು ಒಳಗಿನಿಂದ ಮಧ್ಯದ ತೂತಿನಲ್ಲಿ ಹೊರಗೆ ತನ್ನಿ, ದಾರದ ತುದಿ ಒಳಗೇ ಉಳಿಯಲಿ. ಮೇಲಿನ ತೂತಿನಲ್ಲಿ ಒಳಗೆ ಹೋಗಿ, ಒಳಗಿನಿಂದಲೇ ನೇರ ಕೆಳಗಿನ ತೂತಿಗೆ ಬಂದು ಹೊರಗೆ ತನ್ನಿ. ಮತ್ತೆ ಮಧ್ಯದ ತೂತಿನಿಂದ ಒಳಗೆ ಹೋಗಿ. ಎರಡು ತುದಿಗಳೂ ಉದ್ದನೆಯ ದಾರದ ಆಚೆ ಒಂದು, ಈಚೆ ಒಂದು ಇರುವಂತೆ ಬಿಗಿದು ಗಂಟು ಹಾಕಿ. ಇದು ವರ್ಷಗಟ್ಟಲೆ ಬಿಚ್ಚುವುದಿಲ್ಲ.

4. ಅರಿಸಿನದ ಕಾರ್ಡು. ಬಿಳಿ ಅಂಗಿಯ ಮೇಲೆ ಬಿದ್ದ ಸಾರಿನ ಕಲೆ ಸೋಪು ಹಾಕಿದ ಕೂಡಲೇ ಕೆಂಪಾಗುವುದನ್ನು ನೋಡಿದ್ದೀರಲ್ಲವೇ? ಅರಿಸಿನದ ಬಣ್ಣಕ್ಕೆ ಕ್ಷಾರ ತಗಲಿದರೆ ಕೆಂಪಾಗುತ್ತದೆ, ನಿಂಬೆರಸದಂತಹ ಹುಳಿ ತಗಲಿದರೆ ಮತ್ತೆ ಹಳದಿಯಾಗುತ್ತದೆ. ಒಂದು ಚಮಚ ಅರಿಸಿನವನ್ನು ನಾಲ್ಕು ಚಮಚ ನೀರಿನಲ್ಲಿ ಕಲಸಿ, ಬಿಳಿ ದಪ್ಪ ಕಾಗದಕ್ಕೆ ಹತ್ತಿಯಿಂದ ಬಳಿದು ನೆರಳಲ್ಲಿ ಒಣಗಿಸಿ. ಬಟ್ಟೆ ಸೋಪಿನ ಒಂದು ಚೂರನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಅದರಲ್ಲಿ ಅದ್ದಿ ಬರೆಯಿರಿ. ಹಳದಿ ಕಾಗದದ ಮೇಲೆ ಕೆಂಪು ಅಕ್ಷರ ಮೂಡುತ್ತದೆ. ಐದು ವರ್ಷದ ಮಗುವೂ ಇದನ್ನು ಮಾಡಬಹುದು. ಬಿಸಿಲಿಗೆ ಇಟ್ಟರೆ ಬಣ್ಣ ಮಾಸುತ್ತದೆ, ಪುಸ್ತಕದೊಳಗೆ ಇಡಲು ಹೇಳಿ. ಕಾರ್ಡಿನಲ್ಲಿ ಅಂಗಡಿಯ ಕಾರ್ಡಿನ ಮಾತು ಬೇಡ. "ನೀವು ಸೈಕಲ್ ಹಿಡಿದುಕೊಂಡು ಹಿಂದೆ ಓಡಿ ಬಂದಿರಿ, ನನಗೆ ನೆನಪಿದೆ" ಎಂಬಂತೆ ನಿಮ್ಮ ಮನೆಯದೇ ಒಂದು ನಿಜವಾದ ಮಾತು ಬರೆಯಿರಿ.

5. ಹತ್ತು ಮಣಿಯ ಜಪಸರ. ಪೂರ್ತಿ ಜಪಸರದಲ್ಲಿ ‘ನಮೋ ಮರಿಯ’ದ 53 ಮಣಿ, ‘ಪರಲೋಕ ಜಪ’ದ 6 ಮಣಿ, ಒಟ್ಟು 59 ಮಣಿಗಳಿರುತ್ತವೆ. ಅಷ್ಟನ್ನು ಪೋಣಿಸುವುದು ಚಿಕ್ಕವರಿಗೆ ಕಷ್ಟ. ಆದರೆ ಒಂದು ದಶಕದ ಸರಕ್ಕೆ ಹತ್ತು ಚಿಕ್ಕ ಮಣಿ, ಒಂದು ದೊಡ್ಡ ಮಣಿ ಸಾಕು. ಅಕ್ಕನ ಹರಿದ ಸರದ ಮಣಿಗಳೂ ಆದೀತು. ಗಟ್ಟಿ ದಾರವನ್ನು ಅರ್ಧ ಮೀಟರಿನಷ್ಟು ತೆಗೆದುಕೊಂಡು, ಮಣಿಗಳ ನಡುವೆ ಒಂದೊಂದು ಗಂಟು ಹಾಕುತ್ತಾ ಪೋಣಿಸಿ. ತುದಿಗೆ ತೆಂಗಿನ ಗರಿಯ ಎರಡು ಕಡ್ಡಿಗಳನ್ನು ಅಡ್ಡಲಾಗಿಟ್ಟು ದಾರ ಸುತ್ತಿದ ಪುಟ್ಟ ಶಿಲುಬೆ ಕಟ್ಟಿ. ಬಸ್ಸಿನಲ್ಲಿ ಹೋಗುವ ಅಪ್ಪನ ಜೇಬಿನಲ್ಲಿ ಇದು ಹಿಡಿಸುತ್ತದೆ. ಗುರುಗಳಿಂದ ಆಶೀರ್ವಾದ ಮಾಡಿಸಿ ಕೊಡಿ.

6. ಮಾತಿನ ಪೆಟ್ಟಿಗೆ. ಖಾಲಿ ಬೆಂಕಿಪೆಟ್ಟಿಗೆಗೆ ಬಣ್ಣದ ಕಾಗದ ಅಂಟಿಸಿ. ಅಂಟು ಕೊಳ್ಳಬೇಕಾಗಿಲ್ಲ, ಬಿಸಿ ಅನ್ನದ ಅಗುಳನ್ನು ಚೆನ್ನಾಗಿ ಅರೆದರೆ ಕಾಗದಕ್ಕೆ ಸಾಕು. ಒಳಗೆ ಹನ್ನೆರಡು ಚೀಟಿ ಮಡಚಿ ಇಡಿ. "ಭಾನುವಾರ ಸ್ಕೂಟರ್ ತೊಳೆಯುತ್ತೇನೆ", "ಶೂಗೆ ಪಾಲಿಶ್ ಹಾಕುತ್ತೇನೆ", "ನೀವು ಪೇಪರ್ ಓದುವಾಗ ತಮ್ಮನನ್ನು ಆಡಿಸುತ್ತೇನೆ", "ಕಾಲು ಒತ್ತುತ್ತೇನೆ", "ನಿಮಗಾಗಿ ಒಂದು ದಶಕ ಜಪಸರ ಹೇಳುತ್ತೇನೆ". ಅಪ್ಪ ಬೇಕೆನಿಸಿದಾಗ ಒಂದು ಚೀಟಿ ತೆಗೆದುಕೊಡುತ್ತಾರೆ, ನೀವು ಆ ಕೆಲಸ ಮಾಡಬೇಕು. ಎಚ್ಚರ: ಕೊಟ್ಟ ಮಾತು ನಡೆಸಲಾಗದಿದ್ದರೆ ಈ ಕಾಣಿಕೆ ಕೊಡಬೇಡಿ. ಹನ್ನೆರಡು ಆಗದಿದ್ದರೆ ಮೂರೇ ಬರೆಯಿರಿ.

7. ಒಲೆಯಿಲ್ಲದ ಸಿಹಿ ಅವಲಕ್ಕಿ. ಎರಡು ಲೋಟ ತೆಳು ಅವಲಕ್ಕಿ, ಒಂದು ಲೋಟ ತೆಂಗಿನ ತುರಿ, ಮುಕ್ಕಾಲು ಲೋಟ ಪುಡಿ ಮಾಡಿದ ಬೆಲ್ಲ, ಎರಡು ಏಲಕ್ಕಿಯ ಪುಡಿ. ಬೆಲ್ಲವನ್ನೂ ತೆಂಗಿನ ತುರಿಯನ್ನೂ ಮೊದಲು ಕೈಯಲ್ಲಿ ಹಿಸುಕಿ ಬೆರೆಸಿ, ಅದು ಒದ್ದೆಯಾದ ಮೇಲೆ ಏಲಕ್ಕಿ, ಅವಲಕ್ಕಿ ಸೇರಿಸಿ, ಹತ್ತು ನಿಮಿಷ ಮುಚ್ಚಿಡಿ. ಬೆಂಕಿಯ ಹತ್ತಿರ ಹೋಗಬಾರದ ಚಿಕ್ಕ ಮಕ್ಕಳಿಗೆ ತಕ್ಕದ್ದು. ತೆಂಗಿನಕಾಯಿ ದೊಡ್ಡವರು ತುರಿದುಕೊಡಲಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲವೂ ಬೇಡ. ಬೆಲ್ಲದ ಬದಲು ಉಪ್ಪು, ನಿಂಬೆರಸ, ಹಸಿಮೆಣಸು, ಕೊತ್ತಂಬರಿ ಹಾಕಿ, ಸ್ವಲ್ಪವೇ ಕೊಡಿ. ನೋಡಿ, ಇಲ್ಲಿಯೂ ಅಪ್ಪನನ್ನು ತಿಳಿದಿರಬೇಕು.

ಪುಸ್ತಕದ ಮೊದಲ ಪುಟ

ಮೇಲಿನ ಜೇಬಿನ ಪುಸ್ತಕವನ್ನು ಇನ್ನೊಂದು ರೀತಿಯಲ್ಲೂ ಕೊಡಬಹುದು. ಅಪ್ಪನ ಪಕ್ಕ ಕುಳಿತು ಅವರ ಬಾಲ್ಯದ ಸಂಗತಿಗಳನ್ನು ಕೇಳಿ ಅದರಲ್ಲಿ ಬರೆಯಿರಿ. ನೀವು ಎಷ್ಟು ದೂರ ನಡೆದು ಶಾಲೆಗೆ ಹೋಗುತ್ತಿದ್ದಿರಿ? ಮೊದಲ ಸಂಬಳ ಎಷ್ಟು, ಅದರಲ್ಲಿ ಏನು ತಂದಿರಿ? ತಾತ ಯಾವುದಕ್ಕೆ ಬೈಯುತ್ತಿದ್ದರು, ಯಾವುದಕ್ಕೆ ಹೊಗಳಿದರು? ನಾನು ಹುಟ್ಟಿದ ದಿನ ನೀವು ಎಲ್ಲಿದ್ದಿರಿ? ಕೆಲಸದಲ್ಲಿ ತುಂಬ ಕಷ್ಟವಾದ ದಿನ ಯಾವುದು?

ಒಂದು ಸಂಜೆಗೆ ಎರಡೇ ಪ್ರಶ್ನೆ ಸಾಕು. ಅಪ್ಪ "ಅದೆಲ್ಲ ಈಗ ಯಾಕೆ?" ಎಂದರೆ ಬಿಡಿ, ನಾಳೆ ಕೇಳಿ. ಅವರು ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಬರೆಯಿರಿ. ಮನೆಯಲ್ಲಿ ಕೊಂಕಣಿಯೋ ತುಳುವೋ ತಮಿಳೋ ಆಡುವವರಾದರೆ ಆ ಮಾತಿನಲ್ಲೇ ಬರೆಯಿರಿ. ತಾತನ ಹೆಸರು, ಅಜ್ಜಿಯ ಊರು, ಆ ಊರಿನ ದೇವಾಲಯದ ಹಬ್ಬ, ಇವೆಲ್ಲ ಅಪ್ಪನ ನೆನಪಿನಲ್ಲಿ ಮಾತ್ರ ಇರುತ್ತವೆ. ಬರೆದಿಟ್ಟರೆ ಅವು ಮನೆಯ ಆಸ್ತಿ.

ತಾಯಂದಿರಿಗೆ ಎರಡು ಮಾತು

ತಾಯಂದಿರೇ, ಸೂಜಿಗೆ ದಾರ ಪೋಣಿಸಿಕೊಡಿ, ಕತ್ತರಿ ಹಿಡಿದಾಗ ಪಕ್ಕದಲ್ಲಿರಿ. ಆದರೆ ಕೆಲಸ ನೀವು ಮಾಡಬೇಡಿ. ಹೊಲಿಗೆ ವಕ್ರವಾದರೆ ವಕ್ರವಾಗಿಯೇ ಇರಲಿ. ರಾತ್ರಿ ಮಗು ಮಲಗಿದ ಮೇಲೆ ಬಿಚ್ಚಿ ನೆಟ್ಟಗೆ ಹೊಲಿದಿಟ್ಟರೆ, ಬೆಳಿಗ್ಗೆ ಅದು ಮಗುವಿನ ಕಾಣಿಕೆಯಾಗಿ ಉಳಿಯುವುದಿಲ್ಲ. ಮಗುವಿಗೂ ಅದು ಗೊತ್ತಾಗುತ್ತದೆ.

ಇನ್ನೊಂದು. ಅಪ್ಪನ ಕೆಲಸದ ವಿಷಯ ಮಕ್ಕಳ ಮುಂದೆ ನೀವು ಹೇಗೆ ಮಾತನಾಡುತ್ತೀರಿ? "ಇವರ ಸಂಬಳ ಯಾವ ಮೂಲೆಗೆ" ಎಂದು ದಿನವೂ ಕೇಳಿದ ಮಗು ಅಪ್ಪನ ಕೆಲಸವನ್ನು ಗೌರವಿಸಲು ಎಲ್ಲಿಂದ ಕಲಿಯಬೇಕು? ಹಾಗೆಯೇ ದುಡಿದು ಮನೆಗೂ ದುಡಿಯುವ ಅಮ್ಮನ ಕೆಲಸವನ್ನು ಅಪ್ಪ ಹಗುರ ಮಾಡಿದರೂ ಮಗು ಕಲಿಯುವುದು ಅದನ್ನೇ.

ತಂದೆಯರಿಗೆ: ಸ್ವೀಕರಿಸುವುದೂ ಒಂದು ಕೆಲಸ

ಇದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ನನ್ನ ಮಗಳು ಎರಡನೇ ತರಗತಿಯಲ್ಲಿದ್ದಾಗ ಒಂದು ಸಂಜೆ ರಟ್ಟಿನ ಪೆನ್ನು ಗೂಡು ಮಾಡಿ ತಂದು ನನ್ನ ಮುಂದೆ ಇಟ್ಟಳು. ನಾನು ಬಸ್ಸಿನ ನೂಕುನುಗ್ಗಲಿನಲ್ಲಿ ಬಂದು ಬೇಸತ್ತಿದ್ದೆ. "ಇದೇನು ಓರೆಯಾಗಿದೆ, ಪೆನ್ನಿಟ್ಟರೆ ಬೀಳುತ್ತದೆಯಲ್ಲ" ಎಂದುಬಿಟ್ಟೆ. ಅವಳು ಅಳಲಿಲ್ಲ. ಸುಮ್ಮನೆ ಅದನ್ನು ಎತ್ತಿಕೊಂಡು ಹೋದಳು. ಮೂರು ದಿನದ ಮೇಲೆ ಅದು ಒಲೆಯ ಪಕ್ಕದ ಕಸದಲ್ಲಿ ಕಂಡಿತು. ತೆಗೆದು ಒರೆಸಿ ಮೇಜಿನ ಮೇಲಿಟ್ಟೆ, ಅಡಿಗೆ ಒಂದು ಕಾಗದ ಮಡಚಿ ಕೊಟ್ಟೆ, ನೆಟ್ಟಗೆ ನಿಂತಿತು. ಅವಳ ಮುಂದೆಯೇ ಕ್ಷಮೆ ಕೇಳಿದೆ. ಆಮೇಲೆ ಎಷ್ಟೋ ವರ್ಷ ಆ ಗೂಡಿನಲ್ಲೇ ನನ್ನ ಪೆನ್ನು ಇತ್ತು. ಆದರೆ ಅವಳು ಮತ್ತೊಂದು ಕಾಣಿಕೆ ತರಲು ಎರಡು ವರ್ಷ ಬೇಕಾಯಿತು.

ಆದ್ದರಿಂದ ತಂದೆಯರೇ, ಮಗು ಏನಾದರೂ ತಂದಾಗ ಕೈಯಲ್ಲಿರುವ ಮೊಬೈಲು ಕೆಳಗಿಡಿ. "ಹೇಗೆ ಮಾಡಿದೆ, ಹೇಳು" ಎಂದು ಕೇಳಿ. ಯಾರು ಸಹಾಯ ಮಾಡಿದರು ಎಂದು ವಿಚಾರಣೆ ಬೇಡ. ಎಷ್ಟು ಖರ್ಚಾಯಿತು ಎಂಬ ಲೆಕ್ಕ ಬೇಡ. ಮುಖ್ಯವಾಗಿ, ಅದನ್ನು ಬಳಸಿ. ಮಗು ಹೊಲಿದ ಚೀಲದಲ್ಲಿ ಮಾರನೆಯ ದಿನವೇ ಡಬ್ಬಿ ತೆಗೆದುಕೊಂಡು ಹೋಗಿ. ಶೋಕೇಸಿನಲ್ಲಿಟ್ಟ ಕಾಣಿಕೆಗಿಂತ ಸವೆದ ಕಾಣಿಕೆ ಮಗುವಿಗೆ ಹೆಚ್ಚು ಸಂತೋಷ ಕೊಡುತ್ತದೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಬಡ ವಿಧವೆ ಹಾಕಿದ ಎರಡು ಪುಟ್ಟ ನಾಣ್ಯಗಳನ್ನು ಯೇಸುಸ್ವಾಮಿ ಕಂಡರು, ಕಂಡು ಶಿಷ್ಯರನ್ನು ಕರೆದು ತೋರಿಸಿದರು. ಮಾರ್ಕನ ಶುಭಸಂದೇಶದ 12ನೇ ಅಧ್ಯಾಯ ಓದಿ ನೋಡಿ. ಚಿಕ್ಕ ಕಾಣಿಕೆಯನ್ನು ಕಾಣುವ ಕಣ್ಣು ನಮಗೂ ಬೇಕು.

ಅಪ್ಪ ಜೊತೆಯಲ್ಲಿಲ್ಲದ ಮನೆಗಳಲ್ಲಿ

ಇಷ್ಟು ಹೇಳಿ ನಿಲ್ಲಿಸಿದರೆ ಕೆಲವು ಮಕ್ಕಳನ್ನು ಹೊರಗೆ ನಿಲ್ಲಿಸಿದಂತಾಗುತ್ತದೆ.

ಕರಾವಳಿಯ ಎಷ್ಟೋ ಮನೆಗಳ ಅಪ್ಪಂದಿರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಅಂಥವರಿಗೆ ಕಳುಹಿಸಲು ಹಗುರವಾದದ್ದು ಬೇಕು. ಹತ್ತು ಮಣಿಯ ಜಪಸರ, ಅರಿಸಿನದ ಕಾರ್ಡು ಒಂದೇ ಲಕೋಟೆಯಲ್ಲಿ ಹೋಗುತ್ತವೆ, ಊರಿಗೆ ಬಂದು ಹಿಂತಿರುಗುವ ಪರಿಚಯದವರ ಕೈಯಲ್ಲೂ ಕೊಡಬಹುದು. ಅಪ್ಪನ ಬಿಡುವಿನ ಹೊತ್ತು ತಿಳಿದುಕೊಂಡು ಫೋನಿನಲ್ಲಿ ಮೇಲಿನ ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್, ಕತಾರ್, ಸೌದಿ ಎರಡೂವರೆ ಗಂಟೆ ಹಿಂದೆ. "ಏನು ಕಳುಹಿಸಲಿ?" ಎಂದು ಅಪ್ಪ ಕೇಳುವ ಮೊದಲು "ಇವತ್ತು ಏನು ಊಟ ಮಾಡಿದಿರಿ ಅಪ್ಪಾ?" ಎಂದು ನೀವು ಕೇಳಿ. ಅದೂ ಒಂದು ಕಾಣಿಕೆಯೇ.

ಅಪ್ಪ ತೀರಿಕೊಂಡ ಮನೆಯ ಮಗುವಿಗೆ ಶಾಲೆಯಲ್ಲೋ ತರಗತಿಯಲ್ಲೋ ಎಲ್ಲರೂ ಕಾರ್ಡು ಬರೆಯುವಾಗ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಶಿಕ್ಷಕರೇ, ಮೊದಲೇ ಆ ಮಗುವನ್ನು ಪಕ್ಕಕ್ಕೆ ಕರೆದು ಕೇಳಿ. ಅದು ಅಪ್ಪನಿಗೇ ಬರೆಯಲು ಬಯಸಬಹುದು. ಬರೆದು ಸಮಾಧಿಯ ಬಳಿ ಇಡಲಿ. ಇಲ್ಲವೇ ಸೋದರಮಾವನಿಗೋ ತಾತನಿಗೋ ಚಿಕ್ಕಪ್ಪನಿಗೋ ಬರೆಯಲಿ. 2020ರ ಡಿಸೆಂಬರ್ 8ರಂದು ಪೋಪ್ ಫ್ರಾನ್ಸಿಸರು ಸಂತ ಜೋಸೆಫರ ಬಗ್ಗೆ ಹೊರಡಿಸಿದ ‘ಪಾತ್ರಿಸ್ ಕೋರ್ದೆ’ ಎಂಬ ಪತ್ರದಲ್ಲಿ, ಮಗು ಹುಟ್ಟಿದ ಮಾತ್ರಕ್ಕೆ ಒಬ್ಬ ತಂದೆಯಾಗುವುದಿಲ್ಲ, ಅದರ ಹೊಣೆ ಹೊತ್ತಾಗ ತಂದೆಯಾಗುತ್ತಾನೆ ಎಂಬ ಅರ್ಥದ ಮಾತನ್ನು ಹೇಳಿದ್ದಾರೆ. ಹೊಣೆ ಹೊತ್ತವರು ಯಾರೋ ಅವರಿಗೆ ಕಾಣಿಕೆ ಸಲ್ಲಲಿ. ಎಷ್ಟೋ ಮನೆಗಳಲ್ಲಿ ಅದು ಅಮ್ಮನೇ.

ಇನ್ನು ಅಪ್ಪ ಕುಡಿದು ಬರುವ ಮನೆ. ಅಲ್ಲಿಯ ಮಗುವಿಗೆ "ಲೋಕದಲ್ಲೇ ಒಳ್ಳೆಯ ಅಪ್ಪ" ಎಂದು ಬರೆಯಿರಿ ಎನ್ನುವುದು ಸುಳ್ಳು ಬರೆಯಲು ಕಲಿಸಿದಂತೆ. ಮಗುವೇ, ನೀನು ಒಂದೇ ಒಂದು ನಿಜವಾದ ಮಾತು ಬರೆ. "ಜ್ವರ ಬಂದಾಗ ನನ್ನನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋದಿರಿ" ಎಂದೋ, "ನೀವು ಕುಡಿಯದ ದಿನ ನನಗೆ ತುಂಬ ಇಷ್ಟ" ಎಂದೋ ಬರೆಯಬಹುದು. ಬರೆಯಲು ಮನಸ್ಸಿಲ್ಲದಿದ್ದರೆ ಬೇಡ, ಅದು ಪಾಪವಲ್ಲ. ಅಪ್ಪನ ಕುಡಿತ ನಿನ್ನಿಂದ ಬಂದದ್ದಲ್ಲ, ನಿನ್ನ ಕಾಣಿಕೆಯಿಂದ ಅದು ನಿಲ್ಲದಿದ್ದರೆ ಅದೂ ನಿನ್ನ ತಪ್ಪಲ್ಲ. ದೊಡ್ಡವರು ಮಾಡಬೇಕಾದ ಕೆಲಸ ಬೇರೆ ಇದೆ. ಕುಡಿತ ಬಿಡಬಯಸುವವರಿಗಾಗಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ, ಅವರ ಮನೆಯವರಿಗಾಗಿ ಅಲ್-ಅನಾನ್ ಸಭೆಗಳೂ ನಮ್ಮ ರಾಜ್ಯದಲ್ಲಿ ನಡೆಯುತ್ತವೆ. ಹಣ ಕೊಡಬೇಕಾಗಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಹೊಡೆತ ಬಡಿತ ಇದ್ದರೆ ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಿ. 1098 ಮಕ್ಕಳ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ತಂದೆಯನ್ನು ಗೌರವಿಸಬೇಕೆಂಬ ಕಟ್ಟಳೆ ಹೊಡೆತವನ್ನು ಮುಚ್ಚಿಡಬೇಕೆಂದು ಹೇಳುವುದಿಲ್ಲ.

ಕೊನೆಯದಾಗಿ ದೊಡ್ಡವರಿಗೆ

ನಮ್ಮಲ್ಲಿ ಹಲವರ ಅಪ್ಪಂದಿರು ಈಗ ಮುದುಕರಾಗಿ ಮನೆಯ ಮೂಲೆಯ ಮಂಚದಲ್ಲಿದ್ದಾರೆ. ಸಿರಾಖನ ಗ್ರಂಥದ 3ನೇ ಅಧ್ಯಾಯ, ತಂದೆಯ ಬುದ್ಧಿ ಮಂಕಾದಾಗಲೂ ತಾಳ್ಮೆಯಿಂದಿರು, ನೀನು ಗಟ್ಟಿಮುಟ್ಟಾಗಿರುವೆಯೆಂದು ಅವನನ್ನು ಹೀಯಾಳಿಸಬೇಡ ಎಂದು ಬುದ್ಧಿ ಹೇಳುತ್ತದೆ. ನಮ್ಮ ಮಕ್ಕಳು ನಮಗೆ ಕಾಣಿಕೆ ಮಾಡಲಿ ಎಂದು ಬಯಸುವ ನಾವು, ನಮ್ಮ ಅಪ್ಪನಿಗೆ ಕೈಯಾರೆ ಏನು ಮಾಡಿಕೊಟ್ಟಿದ್ದೇವೆ? ಉಗುರು ಕತ್ತರಿಸಿ, ಕನ್ನಡಕ ಒರೆಸಿ, ಹತ್ತು ನಿಮಿಷ ಹಳೆಯ ಮಾತು ಕೇಳಿದರೂ ಸಾಕು. ಅದನ್ನು ನೋಡುತ್ತಾ ನಿಂತ ಮಗುವಿಗೆ ಈ ಲೇಖನದ ಅಗತ್ಯವೇ ಬೀಳುವುದಿಲ್ಲ.

ಮನೆಯಲ್ಲಿ ಕೂಡಿ ಮಾತನಾಡಲು

1. ಅಪ್ಪ ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡಿದರು? ಪ್ರತಿಯೊಬ್ಬ ಮಗುವೂ ಹೇಳಲಿ, ತಪ್ಪಿದ್ದನ್ನು ಅಪ್ಪ ತಿದ್ದಲಿ.

2. ಇದುವರೆಗೆ ನಿಮಗೆ ಬಂದ ಕಾಣಿಕೆಗಳಲ್ಲಿ ಇನ್ನೂ ನೆನಪಿರುವುದು ಯಾವುದು? ಅದರ ಬೆಲೆ ನೆನಪಿದೆಯೇ?

3. ನಮ್ಮ ಮನೆಯಲ್ಲಿ ಯಾರ ಕೆಲಸದ ಬಗ್ಗೆ ನಾವು ಹೊರಗೆ ಹೇಳಲು ಹಿಂಜರಿಯುತ್ತೇವೆ? ಯಾಕೆ?

ಈ ವಾರದ ಅಭ್ಯಾಸ: ಇಂದು ಸಂಜೆ ಜಪಸರ ಮುಗಿದ ಮೇಲೆ ಪ್ರತಿಯೊಬ್ಬ ಮಗುವೂ ಒಂದು ಖಾಲಿ ಚೀಟಿ ತೆಗೆದುಕೊಳ್ಳಲಿ. ನಾಳೆ ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವರು ಏನನ್ನು ಹುಡುಕುತ್ತಾರೆಂದು ನೋಡಿ, ಅದನ್ನು ಚೀಟಿಯಲ್ಲಿ ಬರೆದುಕೊಳ್ಳಲಿ. ಕಾಣಿಕೆಯ ಕೆಲಸ ಅಲ್ಲಿಂದ ಶುರುವಾಗಲಿ.